ಕಾಲಿಡುವ ಮೊದಲು

"ಕಾಲಿಡು ಅಜ್ಜಿ, ಐಸ್ ಕರಗ್ಲಿಕ್ಕತ್ತದ!" ಎಂದು ಅಕ್ಷರಾ ನಿಂತಲ್ಲೇ ಕುಣಿದಳು. ಬಂಗಾಳದ ಬೆಹಾಲಾದಲ್ಲಿ, ಶಾಲೆಯ ಅಂಗಳದ ನೆಲದ ಮೇಲೆ ಅವಳ ತರಗತಿ ಹಾಸಿದ್ದ ಭಾರತದ ನಕಾಶೆಯನ್ನು ಬರಿಗಾಲಲ್ಲಿ ನಡೆದೇ ನೋಡಬೇಕಿತ್ತು. ನೆತ್ತಿಯಲ್ಲಿ ಹಿಮಾಲಯಕ್ಕೆ ಮಂಜುಗಡ್ಡೆ, ಎಡಕ್ಕೆ ಬಿಸಿಲಿಗೆ ಕಾದ ಮರಳು, ಬಲಕ್ಕೆ ಬಂಗಾಳದ ಒದ್ದೆ ಜೇಡಿಮಣ್ಣು. ಕೆಳಗೆ ಧಾರವಾಡದ ಜಾಗದಲ್ಲಿ ಅಜ್ಜಿಯೇ ಊರಿಂದ ರೈಲಿನಲ್ಲಿ ಹೊತ್ತು ತಂದ ಎರೆಮಣ್ಣು. ಅದಕ್ಕೇ ಮೊದಲು ನಡೆಯುವ ಗೌರವ ಅಜ್ಜಿಗೆ ಸಿಕ್ಕಿತ್ತು.

ಅಜ್ಜಿ ಅನಸೂಯಾಬಾಯಿ ಮಾತ್ರ ಚಪ್ಪಲಿ ಬಿಟ್ಟು ಅಂಚಿನಲ್ಲೇ ನಿಂತುಬಿಟ್ಟರು. ಹಿಂದೆ ಸಾಲು ಗೇಟಿನವರೆಗೂ ಬೆಳೆದಿತ್ತು. ಹಿಮಾಲಯ ಆಗಲೇ ಅರ್ಧಕ್ಕಿಳಿದು ನೀರು ಹರಿಯತೊಡಗಿತ್ತು. "ಲೇಟಾಗ್ತದ ಅಜ್ಜಿ, ಪ್ಲೀಸ್!"

"ತಡಿಯವ್ವಾ. ಇಡೀ ದೇಶದ ಮ್ಯಾಲೆ ಹಂಗ ಕಾಲಿಡ್ಲಿಕ್ಕೆ ಬರ್ತದೇನು?" ಎಂದ ಅಜ್ಜಿ, ದಿನಾ ಮುಂಜಾನೆ ಹಾಸಿಗೆಯಿಂದ ಇಳಿಯುವ ಮೊದಲು ನೆಲ ಮುಟ್ಟುವಂತೆಯೇ, ಮೊಣಕಾಲು ಹಿಡಿದು ಬಗ್ಗಿದರು. ಮಂಜುಗಡ್ಡೆಯನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಹಿಮಾಲಯ ಹತ್ತಿ, "ಅಯ್ಯಯ್ಯ, ಥಂಡಿ!" ಎಂದು ಸಣ್ಣ ಹುಡುಗಿಯಂತೆ ಚೀರಿದರು. ಸಾಲಿಗೆ ಸಾಲೇ ನಕ್ಕಿತು.

ಮುಂದಿನ ಸರದಿ ಹೆಡ್‌ಮಿಸ್ ಮೊಯಿತ್ರಾ ಮೇಡಂ ಅವರದು. ಅವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ಅಕ್ಷರಾಳತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: "ಮೊದಲು ಮುಟ್ಟಬೇಕಾ? ಅದು ನಿಮ್ಮ ರೂಲಾ?"

ಅಂಥ ರೂಲನ್ನು ಯಾರೂ ಮಾಡಿರಲಿಲ್ಲ. "ಎಸ್ ಮ್ಯಾಮ್!" ಎಂದಳು ಅಕ್ಷರಾ, ಗೇಟಿನವರೆಗೂ ಕೇಳುವಷ್ಟು ಜೋರಾಗಿ. "ಎಲ್ಲರಿಗೂ!"

ಗಂಜಿ ಹಾಕಿದ ಸೀರೆಯನ್ನು ಸಾವರಿಸಿಕೊಂಡು ಮೇಡಂ ಬಗ್ಗಿದರು. ಅವರ ಹಿಂದಿನವರು ಆಗಲೇ ಚಪ್ಪಲಿ ಬಿಡುತ್ತಿದ್ದರು. ಹಿಮಾಲಯ ಕರಗಿ ಬಂಗಾಳದತ್ತ ಹರಿಯುತ್ತಲೇ ಇತ್ತು. ಅಕ್ಷರಾ ಈಗ ಯಾರನ್ನೂ ಅವಸರಪಡಿಸಲಿಲ್ಲ.