ಮಸಿಕಾಯಿ ಗಿಡ

"ಮೇಣದಕಾಯಿ ಗಿಡ," ಎನ್ನುತ್ತಾ ಅಪ್ಪ ಪುಸ್ತಕದಲ್ಲಿ ಬರೆದುಕೊಂಡ. ಕಡಲ ಪಕ್ಕದ ಕಾಡಿನ ಜೌಗು ನೆಲದಲ್ಲಿ ಗಿಡಗಳ ಗಣತಿ ಮಾಡುವುದು ಅವನ ಕೆಲಸ. ಚಿಕ್ಕಂದಿನಿಂದ ಅವನ ಜೊತೆ ಕಾಡು ಸುತ್ತಿದ್ದ ಮಗಳು, ದೃಷ್ಟಿ ಹೋದ ಮೇಲೆ ಮೂರು ತಿಂಗಳು ಕೋಣೆ ಬಿಟ್ಟಿರಲಿಲ್ಲ. ಅವಳನ್ನು ಅಂದು ಕಾಡಿ ಬೇಡಿ ಕರೆತಂದಿದ್ದ. ಹಾಗಾಗಿ ಅವನ ಗಮನವೆಲ್ಲ ಗಿಡಕ್ಕಿಂತ ಅವಳ ಮೇಲೇ ಇತ್ತು.

ಅವಳು ಕೈಚಾಚಿ ಒಂದು ಎಲೆ ಕಿತ್ತಳು. ಅಂಚಿನ ಮೇಲೆ ಬೆರಳಾಡಿಸಿದಳು, ಹೊಸಕಿ ಮೂಸಿದಳು.

"ಅಪ್ಪ, ಮೇಣದಕಾಯಿ ಎಲೆ ಆಗಿದ್ರೆ ಘಮ್ಮನ್ನಬೇಕಿತ್ತು. ಇದಕ್ಕೆ ವಾಸನೆನೇ ಇಲ್ಲ. ಅಂಚೆಲ್ಲ ನುಣ್ಣಗಿದೆ, ತುದಿಯಲ್ಲಿ ಮಾತ್ರ ಸಣ್ಣ ಹಲ್ಲು. ಇದು ಮಸಿಕಾಯಿ ಗಿಡ."

ಅವನು ಬಗ್ಗಿ ನೋಡಿದ. ಎಲೆಗಳ ಮರೆಯಲ್ಲಿ ಪುಟ್ಟ ಕಪ್ಪು ಕಾಯಿಗಳಿದ್ದವು.

"ಹೌದಲ್ಲೇ. ನನ್ನ ಇಷ್ಟು ವರ್ಷದ ಅನುಭವ ನೀರಲ್ಲಿ ಹೋಮ."

"ಅಷ್ಟು ದೊಡ್ಡ ಕಣ್ಣಿಟ್ಕೊಂಡು ಏನು ನೋಡ್ತಿದ್ದೆ ನೀನು?" ಎಂದು ಅವಳು ಗದರಿದಳು.

ಕಣ್ಣು ಎಂಬ ಮಾತನ್ನು ಆ ಮನೆಯಲ್ಲಿ ಮೂರು ತಿಂಗಳಿಂದ ಯಾರೂ ಎತ್ತಿರಲಿಲ್ಲ. ಅಪ್ಪ ತಬ್ಬಿಬ್ಬಾದ. ಅವಳೇ ಮೊದಲು ನಕ್ಕಳು. ನಗಬೇಕೋ ಅಳಬೇಕೋ ತಿಳಿಯದೆ ಅವನು ಎರಡನ್ನೂ ಮಾಡಿದ.