ಬಾಯಿತುಂಬ ನೀರು

ನೀರು ಬಾಯಿತುಂಬ ಇತ್ತು, ಆದರೆ ಅಕ್ಕನಿಗೆ ಅದನ್ನು ಉಗುಳಲಾಗಲಿಲ್ಲ. ಎದುರಿಗೆ ಮಂಚದ ಮೇಲೆ ತಂಗಿ ಜ್ವರದಲ್ಲಿ ಬೇಯುತ್ತಿದ್ದಳು, ಕಣ್ಣೇ ತೆರೆದಿರಲಿಲ್ಲ. ಡಾಕ್ಟರ ಔಷಧಿ ನಡೆದೇ ಇತ್ತು. ಆದರೆ ಮನೆಯವರ ಸಿಟ್ಟು ಮೈಯಲ್ಲಿ ಕೂತಿದ್ದರೆ ಯಾವ ಮದ್ದೂ ನಾಟುವುದಿಲ್ಲ ಎಂಬುದು ಅವರ ಬೆಟ್ಟದ ಜನರ ನಂಬಿಕೆ. ಅದಕ್ಕೇ ಮನೆಯವರು ಒಬ್ಬೊಬ್ಬರಾಗಿ ಬಾಯಲ್ಲಿ ನೀರು ತುಂಬಿಕೊಂಡು, ರೋಗಿಯ ಮೇಲೆ ಉಗುಳಿ, "ನಿನ್ನ ಮೇಲೆ ನನಗೆ ಸಿಟ್ಟಿಲ್ಲ" ಎನ್ನಬೇಕು. ಸುಳ್ಳು ಹೇಳಿದರೆ ಜ್ವರ ಇನ್ನೂ ಏರುತ್ತದೆ.

"ಉಗುಳೇ ತಾಯಿ, ನೀರನ್ನೇನು ಬಾಯಲ್ಲೇ ಕಾಯಿಸ್ತೀಯಾ?" ಎಂದಳು ಚೊಂಬು ಹಿಡಿದು ನಿಂತಿದ್ದ, ಊರಿಗೆ ನಾಟಿ ಮದ್ದು ಕೊಡುವ ಅತ್ತೆ. ತಂಗಿಯ ಗಂಡ ಕೈಮುಗಿದ. "ಅತ್ತಿಗೆ, ಬೇಗ..."

ಉಗುಳಿದರೆ ಸುಳ್ಳಾಗುತ್ತದೆ. ಉಗುಳದಿದ್ದರೆ ಇವಳು ಉಳಿಯುತ್ತಾಳೋ ಇಲ್ಲವೋ. ಕೆನ್ನೆ ನೋಯತೊಡಗಿತು. ಅಕ್ಕ ಗುಟುಕ್ಕನೆ ನೀರು ನುಂಗಿಬಿಟ್ಟಳು.

"ಸಿಟ್ಟಿದೆ ಕಣೇ! ನಿನ್ನ ಮದುವೆಗೆ ಅಂತ ಕಣ್ಣು ಕಿತ್ತುಹೋಗೋ ಹಾಗೆ ಕೂತು ಬಟ್ಟೆ ಹೊಲಿದೆ. ನೀನು ಅಂಗಡಿ ಬಟ್ಟೆ ಹಾಕ್ಕೊಂಡು ಮೆರೆದೆ. ದರ್ಜಿ ಅಕ್ಕ ಇದ್ದೂ ಇಲ್ಲದ ಹಾಗಾಯ್ತಲ್ಲೇ!"

ತಂಗಿಯ ಒಣಗಿದ ತುಟಿ ಮೆಲ್ಲಗೆ ಅಲುಗಿತು.

"ನೀನು ಹೊಲಿದದ್ದು ಕಂಕುಳಲ್ಲಿ ಹಿಡೀತಿತ್ತು ಅಕ್ಕಾ... ಹೇಳಿದ್ರೆ ನೀನು ಸುಮ್ನೆ ಬಿಡ್ತಿದ್ಯಾ?"

"ಬಿಚ್ಚಿ ಹೊಲಿದು ಕೊಡ್ತಿರಲಿಲ್ವೇನೇ, ಪೆದ್ದೀ!" ಎನ್ನುತ್ತ ಅಕ್ಕ ಅತ್ತೆಯ ಕೈಯಿಂದ ಚೊಂಬು ಕಿತ್ತುಕೊಂಡಳು.