ಕಾರ್ಮುಗಿಲು ಯಾರದು?

“ಆ ಮೂರು ತಿಂಗಳೂ ಮಾಡಿದ್ದು ನಾನೇ, ಮೇಡಂ. ಒಂದು ಸೀಸೆ ಕೂಡ ಇವನ ಕೈಯಲ್ಲಿ ಆಗಿಲ್ಲ.”

ಅಣ್ಣ ಇಷ್ಟು ಹೇಳಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೇಳಿದ್ದು ಹಸೀ ಸುಳ್ಳು. ಆ ಮೂರು ತಿಂಗಳು ಅವನ ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿತ್ತು. ಬಚ್ಚಲಿಗೆ ಹೋಗಬೇಕಾದರೂ ಹೆಂಡತಿಯ ಹೆಗಲು ಬೇಕಿತ್ತು.

ಟ್ರೇಡ್‌ಮಾರ್ಕ್ ಕಚೇರಿಯ ವಿಚಾರಣೆ ಕೋಣೆ ಅದು. ಮೇಜಿನ ಆಚೆ ಅಧಿಕಾರಿ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ಈಚೆ ಅಣ್ಣ, ಅವನ ಹೆಂಡತಿ, ಅವನ ವಕೀಲರು. ಇನ್ನೊಂದು ತುದಿಯಲ್ಲಿ ವಕೀಲರನ್ನೂ ಇಟ್ಟುಕೊಳ್ಳದೆ ಒಬ್ಬನೇ ಬಂದ ತಮ್ಮ. ನಡುವೆ ಒಂದು ಸೀಸೆ ಹೇರ್‌ಡೈ, ಅದರ ಮೇಲೆ ‘ಕಾರ್ಮುಗಿಲು’ ಎಂಬ ಹೆಸರು. ಜಗಳವೆಲ್ಲ ಆ ಹೆಸರಿಗೆ.

ಹೆಸರಿಟ್ಟವನು ಅಣ್ಣನೇ, ಅದರಲ್ಲಿ ಅನುಮಾನವಿಲ್ಲ. ಹನ್ನೊಂದು ವರ್ಷ ಮನೆಯ ಹಿಂದಿನ ಶೆಡ್ಡಿನಲ್ಲಿ ಕುದಿಸಿ, ಸೋಸಿ, ಸೀಸೆಗೆ ತುಂಬಿ, ಅಂಗಡಿ ಅಂಗಡಿ ಅಲೆದು ಮಾರಿದವನು. ಮಕ್ಕಳಿಲ್ಲದ ಅವನಿಗೆ ಕಾರ್ಮುಗಿಲೇ ಮಗಳು. ಹೆಸರನ್ನು ನೋಂದಾಯಿಸಿಕೋ ಎಂದು ಹೆಂಡತಿ ಬಡಕೊಂಡಾಗೆಲ್ಲ “ಅದನ್ನ ಯಾರು ಹೊತ್ಕೊಂಡು ಹೋಗ್ತಾರೆ ಬಿಡೇ” ಎಂದು ತಳ್ಳಿಹಾಕಿದ. ಹೊತ್ತುಕೊಂಡು ಹೋಗುವವನು ಮನೆಯಲ್ಲೇ ಇದ್ದ. ಅಣ್ಣ ಏಣಿಯಿಂದ ಬಿದ್ದು ಹಾಸಿಗೆ ಹಿಡಿದದ್ದೇ ತಡ, ತಮ್ಮ ಶೆಡ್ಡಿನ ಬೀಗದಕೈ ತೆಗೆದುಕೊಂಡ. ಬೇಸಿಗೆಯಿಡೀ ಅವನೇ ಕುದಿಸಿದ, ಅವನೇ ತುಂಬಿದ, ಪೇಟೆಯ ಆ ತುದಿಯಲ್ಲಿ ಸ್ವಂತ ಅಂಗಡಿ ತೆರೆದು ಅವನೇ ಮಾರಿದ. ಸಾಲದೆಂದು ‘ಕಾರ್ಮುಗಿಲು’ ತನ್ನದೆಂದು ಅರ್ಜಿಯನ್ನೂ ಹಾಕಿಬಿಟ್ಟ.

ಅಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಅವತ್ತಿನಿಂದ ತಮ್ಮನ ಮುಖ ನೋಡಿಲ್ಲ, ಪೇಟೆಯ ಆ ತುದಿಗೆ ಕಾಲಿಟ್ಟಿಲ್ಲ. ಇರುವುದೊಂದೇ ಹಟ: ಹೆಸರು ತನ್ನದು, ಪೂರ್ತಿ ತನ್ನದು.

ವಕೀಲರು ಮೊದಲ ದಿನವೇ ದಾರಿ ತೋರಿಸಿದ್ದರು. “ಈ ಕಾನೂನಿನಲ್ಲಿ ಮೊದಲು ಬಳಸಿದವನು, ಬಿಡದೆ ಬಳಸಿದವನು ದೊಡ್ಡವನು. ಆ ಮೂರು ತಿಂಗಳು ನಿಮ್ಮ ತಮ್ಮಂದು ಅಂತಾದ್ರೆ ಹೆಸರಲ್ಲಿ ಅವರಿಗೂ ಪಾಲು ಸಿಕ್ಕೀತು. ಅದೊಂದು ತೂತು ಮುಚ್ಚಿದ್ರೆ ಕೇಸು ನಮ್ಮದು.” ಆಮೇಲೆ ಕಿಟಕಿಯ ಕಡೆ ತಿರುಗಿ, “ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ” ಎಂದರು.

ಅಧಿಕಾರಿ ಈಗ ಆ ತೂತಿಗೇ ಬೆರಳಿಟ್ಟರು. “ಪ್ಲಾಸ್ಟರ್ ಹಾಕ್ಕೊಂಡು ಅಷ್ಟು ದೊಡ್ಡ ಹಂಡೆ ಹೇಗೆ ಕಲಕಿದ್ರಿ?”

“ಮಂಚಾನೇ ಶೆಡ್ಡಿಗೆ ಹಾಕಿಸ್ಕೊಂಡೆ. ಮಲಗಿಕೊಂಡೇ ಕಲಕಿದೆ.”

“ಯಾವುದರಲ್ಲಿ?”

“ಊರುಗೋಲಲ್ಲಿ.”

ವಕೀಲರು ಸುತ್ತಿದ್ದ ಬಟ್ಟೆ ಬಿಚ್ಚಿ ಊರುಗೋಲನ್ನು ಮೇಜಿನ ಮೇಲಿಟ್ಟರು. ತುದಿಯಿಂದ ಮೊಳದುದ್ದ ಕಪ್ಪಗಾಗಿತ್ತು. ಗಂಡಹೆಂಡತಿ ಸೇರಿ ನಿನ್ನೆಯಷ್ಟೇ ಅದಕ್ಕೆ ಎರಡು ಸಲ ಡೈ ಹಚ್ಚಿದ್ದರು. ಅಧಿಕಾರಿ ಮೂಸಿ ನೋಡಿ, ಸೀನಿ, ‘ದಾಖಲೆ ಏಳು’ ಎಂದು ಚೀಟಿ ಅಂಟಿಸಿದರು. ಹೆಂಡತಿಯ ಅಂಗೈ ಇನ್ನೂ ಕಪ್ಪಗಿತ್ತು, ಸೆರಗಿನೊಳಗೆ ಎಳೆದುಕೊಂಡಳು.

ತಮ್ಮನ ಸರದಿ ಬಂತು. ತಲೆ ನುಣ್ಣಗೆ ಬೋಳಿಸಿಕೊಂಡು ಬಂದಿದ್ದ ಅವನು. ಕನಿಕರ ಗಿಟ್ಟಿಸುವ ನಾಟಕ ಎಂದು ಅಣ್ಣ ಹೆಂಡತಿಯ ಕಿವಿಯಲ್ಲಿ ಆಗಲೇ ಗೊಣಗಿದ್ದ. ತಮ್ಮ ಎದ್ದು ನಿಂತ. ಕೈಯಲ್ಲಿ ಒಂದು ಕಾಗದವೂ ಇಲ್ಲ.

“ಅಣ್ಣ, ಬೇಸಿಗೇಲಿ ಹೋದ ಸೀಸೆಗಳೂ ನಿನ್ನವೇನಾ? ಯೋಚನೆ ಮಾಡಿ ಹೇಳು.”

“ನನ್ನವೇ.”

“ಎಲ್ಲಾ?”

“ಕೊನೇ ಹನಿವರೆಗೂ.”

“ಹಾಕಿದ ಪುಡಿ, ಅದರ ಅಳತೆ?”

“ನನ್ನ ಅಳತೆ. ನೀನು ಶೆಡ್ಡಿನ ಹೊಸ್ತಿಲೂ ತುಳಿದಿಲ್ಲ.”

ತಮ್ಮ ತಲೆ ತಗ್ಗಿಸಿದ. “ಅಣ್ಣ ಹೇಳಿದ್ದನ್ನ ಹಾಗೇ ಬರ್ಕೊಳ್ಳಿ ಮೇಡಂ. ಒಂದಕ್ಷರ ಬಿಡಬೇಡಿ.” ಅತ್ತಿಗೆಯ ಕರುಳು ಚುರ್ರೆಂದಿತು. ಎಷ್ಟೆಂದರೂ ತಾನು ಅನ್ನ ಕಲಸಿ ತಿನ್ನಿಸಿದ ಮೈದುನ. ಅಣ್ಣನಿಗೂ ಒಳಗೊಳಗೆ ನಾಚಿಕೆಯಾಯಿತು. ಆದರೂ ಸುಳ್ಳಿಗೇ ಅಂಟಿಕೊಂಡು ಕೂತ. ಮಗಳನ್ನು ಹಂಚಿಕೊಳ್ಳಲಿಕ್ಕಾಗುತ್ತದೆಯೇ?

ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ಮೊದಲ ಸೀಸೆಯಿಂದ ಇಂದಿನವರೆಗೆ, ವಿವಾದದ ಮೂರು ತಿಂಗಳೂ ಸೇರಿದಂತೆ, ಈ ಹೆಸರಿನಲ್ಲಿ ಹೊರಬಂದ ಪ್ರತಿಯೊಂದು ಸೀಸೆಯ ತಯಾರಕ ಹಿರಿಯ ಸಹೋದರ ಒಬ್ಬನೇ. ಕಿರಿಯ ಸಹೋದರನಿಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

“ಸೀಲು ಹಾಕಿದ ಪ್ರತಿ ನನಗೂ ಒಂದು ಬೇಕು” ಎಂದ ತಮ್ಮ. ಸೋತವನು ಸೋಲಿನ ಪ್ರತಿ ಕೇಳಿದ್ದನ್ನು ವಕೀಲರು ಮೂವತ್ತು ವರ್ಷದ ವೃತ್ತಿಯಲ್ಲಿ ಕಂಡಿರಲಿಲ್ಲ.

ಗೆದ್ದ ಮೇಲೆ ಅಣ್ಣನ ಸಿಟ್ಟು ಎಲ್ಲಿ ಹೋಯಿತೋ. ಕಣ್ಣಲ್ಲಿ ನೀರು ಬಂತು. ತಮ್ಮನ ಭುಜ ಹಿಡಿದ. “ಆದದ್ದಾಯ್ತು ಕಣೋ. ಮನೆಗೆ ಬಾ, ಊಟ ಮಾಡ್ಕೊಂಡು ಹೋಗು.”

“ಬರ್ತೀನಿ ಅಣ್ಣ. ನೀನು ಮುಂದೆ ನಡಿ.”

ಅಣ್ಣ ಆದೇಶವನ್ನು ಎದೆಗವಚಿಕೊಂಡು, ಸ್ವಲ್ಪ ಕುಂಟುತ್ತ ಹೋಗಿ ಬಾಗಿಲು ತೆರೆದ. ಹಿಂದಿನಿಂದ ತಮ್ಮ ತನ್ನ ಪ್ರತಿಯನ್ನು ಎತ್ತಿ ಹಿಡಿದು ಹೊರಗಿನವರಿಗೆ ಕೇಳುವಂತೆ ಹೇಳಿದ: “ಬೇಸಿಗೇಲಿ ನಿಮಗೆ ಮಾರಿದ್ದನ್ನ ಮಾಡಿದ್ದು ಯಾರು ಅಂತ ದಿನಾ ನನ್ನ ಅಂಗಡಿ ಮುಂದೆ ನಿಂತು ಕೇಳ್ತಿದ್ರಲ್ಲ, ನೋಡಿ, ಇವರೇ. ಸರ್ಕಾರದ ಸೀಲೇ ಇದೆ.”

ಅಣ್ಣ ಬರುವಾಗ ಖಾಲಿಯಿದ್ದ ಹೊರಗಿನ ಬೆಂಚುಗಳಿಂದ ಎಪ್ಪತ್ತು ಜನ ಒಟ್ಟಿಗೆ ಎದ್ದು ನಿಂತರು. ಒಬ್ಬೊಬ್ಬರ ತಲೆಯೂ ಅಚ್ಚ ಗಿಣಿಹಸಿರು.